ಮಿಜಾರಿನ ಓಟಕ್ಕೆ ಬರ್ಲಿನ್ನಿನ ಗಡಿಯಾರ

2020ರ ಫೆಬ್ರವರಿ 1ರಂದು ಐಕಳದ ಕಂಬಳದಲ್ಲಿ ಮಿಜಾರು ಅಶ್ವತ್ಥಪುರದ ಶ್ರೀನಿವಾಸ ಗೌಡರು ತಮ್ಮ ಜೋಡಿ ಕೋಣಗಳ ಬೆನ್ನಿಗೆ 142.5 ಮೀಟರ್ ಉದ್ದದ ಕೆಸರಿನ ಕರೆಯನ್ನು 13.62 ಸೆಕೆಂಡಿನಲ್ಲಿ ಓಡಿ ಮುಗಿಸಿದರು. ಕಂಬಳದ ಅಭಿಮಾನಿಗಳಿಗೆ ಅದೊಂದು ದಾಖಲೆ, ಮನಸ್ಸು ತುಂಬಿಸಿದ ಓಟ. ಅಷ್ಟರಲ್ಲಿ ಯಾರೋ ಕೂತು ಭಾಗಾಕಾರ ಮಾಡಿದರು. ಇದೇ ವೇಗವಾದರೆ 100 ಮೀಟರಿಗೆ 9.55 ಸೆಕೆಂಡು! 2009ರಲ್ಲಿ ಬರ್ಲಿನ್ನಿನಲ್ಲಿ ಉಸೇನ್ ಬೋಲ್ಟ್ ತೆಗೆದುಕೊಂಡದ್ದು 9.58. ಹದಿನೈದು ದಿನ ಕಳೆಯುವುದರೊಳಗೆ ಮಿಜಾರು ಎಂಬ ಹೆಸರು ಬಿಬಿಸಿ, ಸಿಎನ್‌ಎನ್‌ಗಳ ಬಾಯಲ್ಲಿತ್ತು. ಆಗಿನ ಕೇಂದ್ರ ಕ್ರೀಡಾ ಸಚಿವ ಕಿರಣ್ ರಿಜಿಜು ಅವರು ಗೌಡರನ್ನು ಕ್ರೀಡಾ ಪ್ರಾಧಿಕಾರದ ಪರೀಕ್ಷಾ ಓಟಕ್ಕೆ ಕರೆದರು. ದೇಶಕ್ಕೆ ಒಲಿಂಪಿಕ್ ಪದಕ ಇನ್ನೇನು ಬಂತು ಎನ್ನುವಷ್ಟು ಉತ್ಸಾಹ.

ಗೌಡರು ಮಾತ್ರ ನೆಲ ಬಿಡಲಿಲ್ಲ. ಬೋಲ್ಟ್ ವಿಶ್ವ ಚಾಂಪಿಯನ್, ತಾನು ಕೆಸರುಗದ್ದೆಯಲ್ಲಿ ಓಡುವವನು ಎಂದರು. ಕಂಬಳದಲ್ಲಿ ಹಿಮ್ಮಡಿಯ ಬಲ ಬೇಕು, ಟ್ರ್ಯಾಕಿನಲ್ಲಿ ಕಾಲ್ಬೆರಳ ಬಲ ಬೇಕು, ಎರಡೂ ಬೇರೆ ಎಂದರು. ಕಂಬಳದ ಋತು ನಡೆಯುತ್ತಿದೆ ಎಂದು ಪರೀಕ್ಷಾ ಓಟಕ್ಕೆ ಹೋಗಲಿಲ್ಲ. ಎರಡು ವಾರದ ಬಳಿಕ ವೇಣೂರಿನ ಕಂಬಳದಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟರು 143 ಮೀಟರನ್ನು 13.61 ಸೆಕೆಂಡಿನಲ್ಲಿ ಓಡಿ ಗೌಡರ ದಾಖಲೆಯನ್ನೂ ಹಿಂದೆ ಹಾಕಿದರು. ಕೋಣಗಳು ಎಳೆಯುವ ಬಲ, ಕೈಯಲ್ಲಿ ಬಿಗಿಹಿಡಿದ ಆಸರೆ, ಕರೆಯ ನೀರು, ಅಡಿಯ ಮರಳುಮಿಶ್ರಿತ ಕೆಸರು, ಇವೆಲ್ಲ ಸೇರಿ ಆಗುವ ಓಟ ಕಂಬಳದ್ದು. ಅದರೊಳಗಿಂದ ಮನುಷ್ಯನೊಬ್ಬನನ್ನೇ ಬೇರ್ಪಡಿಸಿ ತೆಗೆದು ಬರ್ಲಿನ್ನಿನ ಗಡಿಯಾರದ ಮುಂದೆ ನಿಲ್ಲಿಸಿದ್ದು ಹೊರಗಿನ ಲೋಕ. ಆ ಎರಡು ವಾರ ಎಲ್ಲರಿಗಿಂತ ಸರಿಯಾಗಿ ಮಾತನಾಡಿದವರು ಮಿಜಾರಿನ ಗೌಡರೇ ಎಂಬುದನ್ನು ಇವತ್ತಿಗೂ ಹೆಮ್ಮೆಯಿಂದ ಹೇಳಬೇಕು.

ಕಂಬಳಕ್ಕೆ ತನ್ನದೇ ಅಳತೆಗಳಿವೆ. ನೇಗಿಲು, ಹಗ್ಗ, ಅಡ್ಡಹಲಗೆ ವಿಭಾಗಗಳಲ್ಲಿ ಯಾರು ಮೊದಲು ಗುರಿಯಾದ ಮಂಜೊಟ್ಟಿ ಮುಟ್ಟುತ್ತಾರೆ ಎಂಬುದು ಮುಖ್ಯ. ಕನೆಹಲಗೆಯಲ್ಲಿ ಹಾಗಲ್ಲ. ಅಲ್ಲಿ ಓಡಿಸುವವನು ಹಲಗೆಯ ಮೇಲೆ ಒಂದು ಕಾಲೂರಿ ನಿಲ್ಲುತ್ತಾನೆ. ಹಲಗೆಯ ತೂತುಗಳಿಂದ ಚಿಮ್ಮುವ ನೀರು ಮೇಲೆ ಅಡ್ಡಲಾಗಿ ಕಟ್ಟಿದ ನಿಶಾನೆಗೆ ತಾಗಬೇಕು. ಆರೂವರೆ ಕೋಲು, ಏಳೂವರೆ ಕೋಲು ಎಂದು ಎತ್ತರ ನಿಗದಿಯಾಗಿರುತ್ತದೆ. ಸ್ಟಾಪ್‌ವಾಚ್ ಹಿಡಿದು ಬಂದ ವರದಿಗಾರ ಈ ವಿಭಾಗದ ಗೆಲುವನ್ನು ಅಳೆಯಲಾರ. ಕಂಬಳ ನೋಡಲು ಬರುವ ಎಷ್ಟು ಜನ ಹೊರಗಿನವರಿಗೆ ಇದನ್ನು ಯಾರಾದರೂ ಬಿಡಿಸಿ ಹೇಳಿದ್ದಾರೆ?

ದೇಶ ಸುತ್ತುವವರ ಮೊದಲ ಕೆಲಸ ವ್ಯತ್ಯಾಸ ಗಮನಿಸುವುದು. ಅದು ಯಾರಿಗೂ ಕಷ್ಟವಲ್ಲ, ವಿಮಾನ ಇಳಿದ ಗಂಟೆಯೊಳಗೇ ಆಗಿಬಿಡುತ್ತದೆ. ಎರಡನೆಯ ಕೆಲಸ, ಆ ವ್ಯತ್ಯಾಸವನ್ನು ಯಾವ ಅಳತೆಯಿಂದ ಅಳೆಯುತ್ತಿದ್ದೇನೆ ಎಂದು ತನ್ನನ್ನೇ ಕೇಳಿಕೊಳ್ಳುವುದು. ಇಲ್ಲಿ ಸೋಲುವವರೇ ಹೆಚ್ಚು.

ಯುರೋಪಿಗೆ ಹೋದ ಅಮೆರಿಕನ್ನರನ್ನೇ ನೋಡಿ. ಬಣ್ಣ, ಧರ್ಮ, ಉಡುಪು ಎಲ್ಲದರಲ್ಲೂ ತಮ್ಮವರಂತೆಯೇ ಕಾಣುವ ಜನರ ನಡುವೆ ಅವರು ಹೆಜ್ಜೆಹೆಜ್ಜೆಗೂ ಬೆರಗಾಗುತ್ತಾರೆ. ಅಮೆರಿಕದ ಹೋಟೆಲಿನಲ್ಲಿ ಕೂತೊಡನೆ ಐಸ್ ಹಾಕಿದ ನೀರು ಪುಕ್ಕಟೆಯಾಗಿ ಬರುತ್ತದೆ. ಜರ್ಮನಿಯಲ್ಲಿ, ಇಟಲಿಯಲ್ಲಿ ನೀರು ಕೇಳಿದರೆ ಸಾಮಾನ್ಯವಾಗಿ ಬಾಟಲಿ ಬರುತ್ತದೆ, ಬಿಲ್ಲಿನಲ್ಲಿ ಅದರ ದುಡ್ಡೂ ಬರುತ್ತದೆ. ರೈಲು ನಿಲ್ದಾಣದ ಶೌಚಾಲಯಕ್ಕೆ ಕಾಸು ಕೊಡಬೇಕು. ಫ್ರಾನ್ಸಿನ ಅಂಗಡಿಗೆ ಕಾಲಿಟ್ಟೊಡನೆ ‘ಬೋಂಜೂರ್’ ಎನ್ನದೆ ನೇರ ವ್ಯಾಪಾರಕ್ಕಿಳಿದರೆ ಒರಟ ಎಂದುಕೊಳ್ಳುತ್ತಾರೆ. ಭಾನುವಾರ ಜರ್ಮನಿಯ ಅಂಗಡಿಗಳಿಗೆ ಬೀಗ. ಅಲ್ಲಿನ ಸಂವಿಧಾನವೇ ಆ ದಿನವನ್ನು ವಿಶ್ರಾಂತಿಯ ದಿನವೆಂದು ಕಾಪಾಡಿದೆ. ಇಪ್ಪತ್ತನಾಲ್ಕು ಗಂಟೆ ತೆರೆದಿರುವ ಅಂಗಡಿಗಳ ನಾಡಿನಿಂದ ಬಂದವನಿಗೆ ಇದು ಸೋಮಾರಿತನದಂತೆ ಕಾಣುತ್ತದೆ.

ಒಳಗಿಳಿದು ನೋಡಿದರೆ ಪ್ರತಿಯೊಂದರ ಹಿಂದೆಯೂ ಕಾರಣವಿದೆ. ಅಮೆರಿಕದವರು ಊಟದ ಬಿಲ್ಲಿನ ಮೇಲೆ ಐದನೆಯ ಒಂದು ಪಾಲು ಟಿಪ್ಸ್ ಇಡುವುದು ಬರೀ ಧಾರಾಳತನದಿಂದಲ್ಲ. ಟಿಪ್ಸ್ ಪಡೆಯುವ ನೌಕರರಿಗೆ ಅಲ್ಲಿನ ಕೇಂದ್ರ ಕಾನೂನು ನಿಗದಿ ಮಾಡಿದ ಕನಿಷ್ಠ ನಗದು ಕೂಲಿ ಗಂಟೆಗೆ 2.13 ಡಾಲರ್. 1991ರಿಂದ ಅದು ಏರಿಲ್ಲ. ಹಲವು ರಾಜ್ಯಗಳು ತಾವಾಗಿ ಹೆಚ್ಚು ಕೊಡಿಸುತ್ತವೆ, ಮಿಕ್ಕ ಕಡೆ ಬಡಿಸುವವರ ಸಂಸಾರ ಗಿರಾಕಿಯ ಟಿಪ್ಸಿನ ಮೇಲೆಯೇ ನಡೆಯಬೇಕು. ಯುರೋಪಿನ ಬಹುಪಾಲು ದೇಶಗಳಲ್ಲಿ ಬಡಿಸುವುದೂ ಸಂಬಳದ ಕೆಲಸ. ಆದ್ದರಿಂದ ಪ್ಯಾರಿಸ್ಸಿನ ಬಡಿಸುವವರು ಹತ್ತು ಸಲ ಮೇಜಿನ ಹತ್ತಿರ ಬಂದು ನಗುವುದಿಲ್ಲ. ಅದನ್ನು ಗಂಟುಮೋರೆ ಎಂದುಕೊಂಡು ಊರಿಗೆ ಮರಳುವ ಅಮೆರಿಕನ್, ಆ ನಗೆಗೂ ಕೂಲಿಗೂ ಇರುವ ನಂಟನ್ನು ಕಾಣದೇ ಮರಳಿದ ಹಾಗಾಯಿತು. ಐರೋಪ್ಯ ಒಕ್ಕೂಟದಲ್ಲಿ ವರ್ಷಕ್ಕೆ ಕನಿಷ್ಠ ನಾಲ್ಕು ವಾರ ಸಂಬಳಸಹಿತ ರಜೆ ಕಾನೂನುಬದ್ಧ ಹಕ್ಕು. ಅಮೆರಿಕದ ಖಾಸಗಿ ನೌಕರರಿಗೆ ಕೇಂದ್ರ ಕಾನೂನಿನಲ್ಲಿ ಅಂಥ ಹಕ್ಕು ಒಂದು ದಿನಕ್ಕೂ ಇಲ್ಲ.

ದೊಡ್ಡ ಕಂಪನಿಗಳೂ ಈ ಪಾಠಕ್ಕೆ ದುಬಾರಿ ಶುಲ್ಕ ತೆತ್ತಿವೆ. 1992ರಲ್ಲಿ ಪ್ಯಾರಿಸ್ ಬಳಿ ತೆರೆದ ಡಿಸ್ನಿ ಉದ್ಯಾನದಲ್ಲಿ ಅಮೆರಿಕದ ರೂಢಿಯಂತೆ ಮದ್ಯಕ್ಕೆ ಜಾಗವಿರಲಿಲ್ಲ. ಮಧ್ಯಾಹ್ನದ ಊಟದ ಜೊತೆ ಒಂದು ಲೋಟ ವೈನ್ ಕುಡಿಯುವ ಫ್ರೆಂಚರಿಗೆ ಇದು ಅವಮಾನವೆನ್ನಿಸಿತು. ಮರುವರ್ಷವೇ ಕಂಪನಿ ನಿಯಮ ಬದಲಿಸಿತು. ವಾಲ್‌ಮಾರ್ಟ್ 1997ರಲ್ಲಿ ಜರ್ಮನಿಗೆ ಹೋಯಿತು, ಬಾಗಿಲಲ್ಲಿ ನಗುತ್ತ ಸ್ವಾಗತಿಸುವವರನ್ನು ನಿಲ್ಲಿಸಿತು, ಸಾಮಾನನ್ನು ಚೀಲಕ್ಕೆ ತುಂಬಿಕೊಡುವವರನ್ನೂ ಇಟ್ಟಿತು. ಪರಿಚಯವಿಲ್ಲದವರ ನಗೆ ಜರ್ಮನ್ನರಿಗೆ ಹಿತವಾಗಲಿಲ್ಲ. ಬೆಲೆಪೈಪೋಟಿ, ಕಾರ್ಮಿಕ ಕಾನೂನು ಮುಂತಾದ ದೊಡ್ಡ ಕಾರಣಗಳೂ ಸೇರಿ 2006ರಲ್ಲಿ ಕಂಪನಿ ಅಲ್ಲಿಂದ ಕಾಲು ಕಿತ್ತಿತು.

ಇಂಥ ಬೆರಗು ಇವತ್ತಿನದಲ್ಲ. 1608ರಲ್ಲಿ ಇಂಗ್ಲೆಂಡಿನ ಥಾಮಸ್ ಕೊರ್‍ಯಾಟ್ ಎಂಬಾತ ಇಟಲಿಗೆ ಹೋಗಿ, ಅಲ್ಲಿನವರು ಊಟಕ್ಕೆ ಮುಳ್ಳುಚಮಚ ಬಳಸುವುದನ್ನು ಕಂಡು ಬೆರಗಾದ. ಇಂಗ್ಲಿಷರು ಆಗ ಕೈಯಲ್ಲೇ ಉಣ್ಣುತ್ತಿದ್ದರು! ಊರಿಗೆ ಮರಳಿ ತಾನೂ ಮುಳ್ಳುಚಮಚ ಹಿಡಿದಾಗ ಗೆಳೆಯರು ಗೇಲಿ ಮಾಡಿದರು. ಅದನ್ನೆಲ್ಲ ಅವನು 1611ರ ತನ್ನ ಪುಸ್ತಕದಲ್ಲಿ ಬರೆದಿದ್ದಾನೆ. ಅವನು ಮುಂದೆ ಬಹುಪಾಲು ಕಾಲ್ನಡಿಗೆಯಲ್ಲೇ ಹಿಂದೂಸ್ಥಾನಕ್ಕೆ ಬಂದ, 1617ರಲ್ಲಿ ಸೂರತ್ತಿನಲ್ಲಿ ತೀರಿಕೊಂಡ. ಆರು ವರ್ಷದ ಬಳಿಕ ಅದೇ ಸೂರತ್ತಿನಲ್ಲಿ ಇಳಿದ ಇನ್ನೊಬ್ಬ ಯಾತ್ರಿಕ ನಮ್ಮ ತುಳುನಾಡಿನವರೆಗೂ ಬಂದ. ಮಿಜಾರಿನ ಮಟ್ಟಿಗೆ ಈ ಎರಡನೆಯವನೇ ಮುಖ್ಯ.

ಅವನು ರೋಮಿನ ಪಿಯೆತ್ರೊ ದೆಲ್ಲಾ ವಾಲ್ಲೆ. ಗೋವೆಯಿಂದ ಪೋರ್ಚುಗೀಸ್ ರಾಯಭಾರಿಯ ಜೊತೆ ಹೊರಟು 1623ರ ನವೆಂಬರಿನಲ್ಲಿ ಇಕ್ಕೇರಿಯ ವೆಂಕಟಪ್ಪ ನಾಯಕನ ರಾಜಧಾನಿ ನೋಡಿದ. ಘಟ್ಟ ಇಳಿದು ಮಂಗಳೂರಿಗೆ ಬಂದ. ಅಲ್ಲಿಂದ ದೋಣಿಯಲ್ಲಿ ಹೊಳೆ ಹತ್ತಿ ಮಣೇಲಿಗೆ ಹೋದ. ಆಗ ಅಲ್ಲಿ ಉಳ್ಳಾಲದ ರಾಣಿ ಬಿಡಾರ ಮಾಡಿದ್ದಳು. ಇವತ್ತು ಮಂಗಳೂರಿನಿಂದ ಮೂಡುಬಿದಿರೆಗೆ ಹೋಗುವವರು ಗುರುಪುರ, ಗಂಜಿಮಠ, ಎಡಪದವು, ಮಿಜಾರು ಎಂದು ದಾಟುತ್ತಾರಲ್ಲ, ಮಣೇಲು ಆ ದಾರಿಯಿಂದ ದೂರವಿಲ್ಲ. ಆ ರಾಣಿ ಅಬ್ಬಕ್ಕ, ಚೌಟ ಮನೆತನದವಳು. ಅದೇ ಚೌಟರ ಅರಮನೆ ಮೂಡುಬಿದಿರೆಯಲ್ಲಿ ಇಂದಿಗೂ ಇದೆ. ಒಂಬತ್ತು ಹೆಣ್ಣುಗಳು ಸೇರಿ ಆನೆಯಾದ ನವನಾರಿಕುಂಜರದ ಕೆತ್ತನೆ ನೋಡಲು ಜನ ಅಲ್ಲಿಗೆ ಬರುತ್ತಾರೆ.

ದೆಲ್ಲಾ ವಾಲ್ಲೆ ರಾಣಿಯನ್ನು ಮೊದಲು ಕಂಡದ್ದು ಸಿಂಹಾಸನದ ಮೇಲಲ್ಲ, ದಾರಿಯಲ್ಲಿ. ಹೊಸದಾಗಿ ತೋಡಿಸುತ್ತಿದ್ದ ಕಾಲುವೆಗಳನ್ನು ನೋಡಲು ಆಕೆ ಕಾಲ್ನಡಿಗೆಯಲ್ಲಿ ಹೊರಟಿದ್ದಳು. ಬರಿಗಾಲು, ಮೈಮೇಲೆ ಸಾದಾ ಹತ್ತಿ ಬಟ್ಟೆ, ತಲೆಯ ಮೇಲೆ ಗರಿಯ ಕೊಡೆ, ಜೊತೆಗೆ ಸೈನಿಕರು. ಯುರೋಪಿನ ಅರಮನೆಗಳನ್ನು ನೋಡಿ ಬೆಳೆದ ಅವನ ಕಣ್ಣಿಗೆ ಆಕೆ ರಾಣಿಯಂತೆ ಕಾಣಲೇ ಇಲ್ಲ, ಅಡುಗೆಮನೆಯ ಹೆಂಗಸಿನಂತೆ ಕಂಡಳು. ಹಾಗೆಂದೇ ಬರೆದಿದ್ದಾನೆ. ಆಕೆ ಮಾತಿಗಿಳಿದ ಮೇಲೆ ಅವನ ಅಭಿಪ್ರಾಯ ಬದಲಾಯಿತು. ದನಿಯಲ್ಲಿ ಗಾಂಭೀರ್ಯವಿದೆ, ಮಾತಿನಲ್ಲಿ ತೂಕವಿದೆ ಎಂದು ಅದನ್ನೂ ಬರೆದ. ತನ್ನ ಮೊದಲ ನೋಟವನ್ನು ಅವನು ಅಳಿಸಿಹಾಕಲಿಲ್ಲ, ಎರಡನೆಯ ನೋಟವನ್ನು ಮುಚ್ಚಿಡಲೂ ಇಲ್ಲ. ಪ್ರವಾಸದ ಬರಹದಲ್ಲಿ ಇದಕ್ಕಿಂತ ದೊಡ್ಡ ಪ್ರಾಮಾಣಿಕತೆ ಅಪರೂಪ.

ರಾಣಿಯೂ ಅವನನ್ನು ಅಳೆಯುತ್ತಿದ್ದಳು. ಎಲ್ಲೆಲ್ಲಿ ಸುತ್ತಿದೆ ಎಂದು ವಿಚಾರಿಸಿದಳು. ತುರ್ಕಿ, ಪರ್ಷಿಯ, ಮೊಗಲರ ನಾಡು ಎಂದು ಅವನು ಹೇಳಿದಾಗ, ಇಷ್ಟು ದೂರ ಬರಲು ಪ್ರೇಮದ ನೋವು ಕಾರಣವೋ, ಪ್ರಿಯರ ಸಾವು ಕಾರಣವೋ ಎಂಬರ್ಥದಲ್ಲಿ ಕೇಳಿದಳು. ಪ್ರಶ್ನೆ ಎಷ್ಟು ಆಳಕ್ಕೆ ಇಳಿದಿರಬೇಕು! ಬಾಗ್ದಾದಿನಲ್ಲಿ ಅವನು ಮದುವೆಯಾದ ಹೆಂಡತಿ ಸಿತ್ತಿ ಮಾನಿ ಎರಡು ವರ್ಷದ ಹಿಂದೆ ಪರ್ಷಿಯದ ಕರಾವಳಿಯಲ್ಲಿ ತೀರಿಹೋಗಿದ್ದಳು. ಆಕೆಯ ದೇಹವನ್ನು ಕೆಡದಂತೆ ಕಾಪಿಟ್ಟು, ರೋಮಿನಲ್ಲಿ ಮಣ್ಣು ಮಾಡಬೇಕೆಂದು ಅವನು ತನ್ನೊಂದಿಗೇ ಒಯ್ಯುತ್ತಿದ್ದ. ದುಃಖವನ್ನು ಬಚ್ಚಿಟ್ಟು, ನಾನಾ ದೇಶಗಳನ್ನೂ ಅಲ್ಲಿನ ನಡೆನುಡಿಗಳನ್ನೂ ತಿಳಿಯುವ ಆಸೆಯಿಂದ ಬಂದೆ ಎಂದಷ್ಟೇ ಉತ್ತರಿಸಿದ. ಅವನು ರಾಣಿಯ ಬರಿಗಾಲು ನೋಡಿದ, ಆಕೆ ಅವನ ಮನಸ್ಸಿಗೇ ಕೈಹಾಕಿದಳು. ಇಬ್ಬರಲ್ಲಿ ಹೆಚ್ಚು ಚುರುಕಾಗಿ ನೋಡಿದವರು ಯಾರೆಂಬುದರಲ್ಲಿ ಸಂದೇಹವಿಲ್ಲ.

ಮಣೇಲಿನಲ್ಲೇ ರಾಣಿಯ ಮಗ ಅವನಿಗೆ ಊಟ ಹಾಕಿದ. ಬಾಳೆಲೆಯ ಮೇಲೆ ಅನ್ನ. ಕೈಯಲ್ಲಿ ಉಂಡು ರೂಢಿಯಿಲ್ಲದ ಅತಿಥಿ ಚಮಚ, ಮುಳ್ಳುಚಮಚ ಹಿಡಿದ. ಸುತ್ತಲಿದ್ದವರು ಕಣ್ಣರಳಿಸಿ ನೋಡಿದರು. ಅತಿಥಿಗೆ ಬೆಳ್ಳಿಯ ಚಮಚ ಮಡಿ, ಆತಿಥ್ಯ ಮಾಡಿದವರಿಗೆ ಒಮ್ಮೆ ಉಂಡು ಎಸೆಯುವ ಎಲೆಯೂ ತೊಳೆದ ಬಲಗೈಯೂ ಮಡಿ. ತಾನು ಶುಚಿ ಎಂದು ಎರಡೂ ಕಡೆಯವರಿಗೆ ನಂಬಿಕೆ. ಕೈಯಲ್ಲಿ ಉಣ್ಣುವುದನ್ನು ಅನಾಗರಿಕತೆ ಎಂದ ಇಂಗ್ಲಿಷರು ಎಷ್ಟೋ ಜನ. ತಮ್ಮ ಅಜ್ಜಂದಿರು ಕೊರ್‍ಯಾಟನ ಮುಳ್ಳುಚಮಚವನ್ನು ಗೇಲಿ ಮಾಡಿದ್ದು ಅವರಿಗೆ ಮರೆತೇಹೋಗಿತ್ತು.

ರಾಣಿಯ ದಾಂಪತ್ಯದ ಕಥೆಯೂ ಅವನನ್ನು ಬೆರಗುಗೊಳಿಸಿತ್ತು. ಆಕೆ ಬಂಗ ಅರಸನನ್ನು ಮದುವೆಯಾಗಿದ್ದಳು, ಆಮೇಲೆ ಅವನು ಕೊಟ್ಟ ಒಡವೆಗಳನ್ನು ಹಿಂದಿರುಗಿಸಿ ಬಿಟ್ಟುಬಂದಿದ್ದಳು. ವಿಚ್ಛೇದನಕ್ಕೆ ದಾರಿಯೇ ಇಲ್ಲದ ಕ್ಯಾಥೊಲಿಕ್ ನಾಡಿನವನಿಗೆ ಇದು ವಿಚಿತ್ರ. ಅಧಿಕಾರ, ಆಸ್ತಿ ಹೆಣ್ಣಿನ ಕಡೆಯಿಂದ ಇಳಿದುಬರುವ ಅಳಿಯಕಟ್ಟು ಇನ್ನೂ ವಿಚಿತ್ರ. ತುಳುವರಿಗೆ ಇದರಲ್ಲಿ ವಿಚಿತ್ರವೇನಿತ್ತು? ನಾಟಿಗದ್ದೆಗಳಲ್ಲಿ ಹಾಡಿಕೊಂಡು ಬಂದ ಸಿರಿಯ ಪಾಡ್ದನದಲ್ಲಿ ಸಿರಿಯೂ ದಾರಿ ತಪ್ಪಿದ ಗಂಡ ಕಾಂತು ಪೂಂಜನನ್ನು ಬಿಟ್ಟು ಹಸುಗೂಸಿನೊಂದಿಗೆ ಹೊರಟವಳೇ.

ಆ ಸಿರಿಯ ಕಥೆಯನ್ನು ಹೊರಗಿನವರು ಹೇಗೆ ಕೇಳಿದರು ಎಂಬುದು ನಮ್ಮ ತಾಲೂಕುಗಳ ಮಟ್ಟಿಗೆ ದೊಡ್ಡ ಅಧ್ಯಾಯ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಕನ್ನಡ, ತುಳುಗಳಿಗೆ ಮಾಡಿದ ಕೆಲಸ ಅಪಾರ. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಟದ್ದು, 1886ರಲ್ಲಿ ಮ್ಯಾನರ್ ಅವರ ತುಳು–ಇಂಗ್ಲಿಷ್ ನಿಘಂಟು ಬಂದದ್ದು ಅವರಿಂದಲೇ. ಪಾಡ್ದನಗಳನ್ನು ಮೊದಲು ಕಾಗದಕ್ಕಿಳಿಸಿದವರಲ್ಲೂ ಅವರು ಸೇರಿದ್ದಾರೆ. ಬ್ರಿಟಿಷ್ ಅಧಿಕಾರಿ ಬರ್ನೆಲ್ ಸಂಗ್ರಹಿಸಿಟ್ಟಿದ್ದ ಭೂತಾರಾಧನೆಯ ಸಾಮಗ್ರಿ ಅವರ ಮರಣಾನಂತರ, 1894ರಿಂದ, ‘ಇಂಡಿಯನ್ ಆ್ಯಂಟಿಕ್ವರಿ’ಯಲ್ಲಿ ಪ್ರಕಟವಾಯಿತು. ತುಳುವರ ಪಿಶಾಚಪೂಜೆ ಎಂಬುದು ಅದರ ಶೀರ್ಷಿಕೆ. ಓದುಗ ಪುಟ ತೆರೆಯುವ ಮೊದಲೇ ತೀರ್ಪು ಬಂದಿತ್ತು. ಹಾಡುಗಳು ಉಳಿದವು, ಅದಕ್ಕೆ ಋಣಿಗಳಾಗಿರಬೇಕು. ಆದರೆ ಗುತ್ತಿನ ಚಾವಡಿಯಲ್ಲಿ ದೈವದ ಮುಂದೆ ನಿಂತು ಗದ್ದೆಯ ಗಡಿಯ ತಕರಾರು ತೀರಿಸಿಕೊಳ್ಳುವ ಜನ, ನೇಮದ ರಾತ್ರಿ ಊರ ಹಿರಿಯರನ್ನೇ ಪ್ರಶ್ನಿಸುವ ದೈವದ ನುಡಿ, ಇವು ಆ ಪುಟಗಳಲ್ಲಿ ಸರಿಯಾಗಿ ಕಾಣಿಸಲಿಲ್ಲ.

ಸುಮಾರು ನೂರು ವರ್ಷದ ಬಳಿಕ, 1990ರ ಡಿಸೆಂಬರಿನಲ್ಲಿ, ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹಾಂಕೊ ಬೆಳ್ತಂಗಡಿ ತಾಲೂಕಿನ ಮಾಚಾರಿಗೆ ಬಂದರು. ಪತ್ನಿ ಆನೆಲಿ ಹಾಂಕೊ, ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಜೊತೆಗಿದ್ದರು. ಮಾಚಾರಿನ ಗೋಪಾಲ ನಾಯ್ಕರು ಬೇಸಾಯಗಾರರು, ಸಿರಿ ಆಚರಣೆಯ ಮುಂದಾಳು. ಅವರು ದಿನಗಟ್ಟಲೆ ಹಾಡಿದರು, ಇವರು ಬಿಡದೆ ಕೇಳಿ ಧ್ವನಿಮುದ್ರಿಸಿಕೊಂಡರು. 1998ರಲ್ಲಿ ಹೆಲ್ಸಿಂಕಿಯಿಂದ ಆ ಪಠ್ಯ ತುಳುವಿನಲ್ಲಿ, ಇಂಗ್ಲಿಷ್ ಅನುವಾದದೊಂದಿಗೆ ಹೊರಬಂತು. ಅದರಲ್ಲಿ 15,683 ಸಾಲುಗಳಿವೆ. ಹೋಮರನ ‘ಇಲಿಯಡ್’ನಲ್ಲಿರುವುದು 15,693.

ಇಲ್ಲೂ ಯುರೋಪಿನ ಅಳತೆಗೋಲು ಬಂತಲ್ಲವೇ ಎಂದು ಕೇಳಬಹುದು. ಬಂತು, ಆದರೆ ಕೊನೆಯಲ್ಲಿ ಬಂತು. ಹಾಂಕೊ ಮೊದಲು ಕೇಳಿದ್ದು ಗೋಪಾಲ ನಾಯ್ಕರು ಕಥೆಯನ್ನು ಹೇಗೆ ನೆನಪಿಡುತ್ತಾರೆ, ಎಲ್ಲಿ ಹಿಗ್ಗಿಸುತ್ತಾರೆ, ಎಲ್ಲಿ ಕುಗ್ಗಿಸುತ್ತಾರೆ, ಗದ್ದೆಯಲ್ಲಿ ಹಾಡುವುದಕ್ಕೂ ಆಚರಣೆಯಲ್ಲಿ ಹಾಡುವುದಕ್ಕೂ ಏನು ಭೇದ ಎಂಬುದನ್ನು. ಹಾಡುವವರ ಅಳತೆಯನ್ನು ಕಲಿತ ಮೇಲೆ ತಮ್ಮ ಅಳತೆಯನ್ನು ಪಕ್ಕಕ್ಕಿಟ್ಟು ನೋಡಿದರು. ಅಮೆರಿಕದ ಮಾನವಶಾಸ್ತ್ರಜ್ಞ ಪೀಟರ್ ಕ್ಲಾಸ್ ಅವರೂ ತುಳು ಕಲಿತು, ಸಿರಿ ಜಾತ್ರೆಯ ಬಗ್ಗೆ 1975ರಲ್ಲೇ ಬರೆದರು. ಮಾರ್ಥಾ ಆಶ್ಟನ್ ಎಂಬ ಅಮೆರಿಕನ್ ಮಹಿಳೆ ಹಿರಿಯಡಕ ಗೋಪಾಲ ರಾಯರಲ್ಲಿ ಯಕ್ಷಗಾನವನ್ನು ಕಾಲಿಗೆ ಗೆಜ್ಜೆ ಕಟ್ಟಿಯೇ ಕಲಿತರು. ಹಾಗೆ ಬಂದವರಿಗೆ ಈ ನೆಲ ಬಾಗಿಲು ಮುಚ್ಚಿದ್ದಿಲ್ಲ.

ದೂರದಿಂದಲೇ ಅಳೆದವರ ಉದಾಹರಣೆ ಮೂಡುಬಿದಿರೆಯಲ್ಲಿದೆ. 1430ರಲ್ಲಿ ಕಟ್ಟಿದ ಸಾವಿರಕಂಬದ ಬಸದಿಯ ಇಳಿಜಾರು ಮಾಡು, ಒಂದರ ಮೇಲೊಂದು ಸೂರು ನೋಡಿದ ಕಲಾ ಇತಿಹಾಸಕಾರ ಜೇಮ್ಸ್ ಫರ್ಗುಸನ್‌ಗೆ ನೇಪಾಳದ ಕಟ್ಟಡಗಳು ನೆನಪಾದವು. ಹೋಲಿಕೆ ಇದೆ, ಸುಳ್ಳಲ್ಲ. ಆದರೆ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಊರಿನಲ್ಲಿ ಮಾಡು ಹಾಗಲ್ಲದೆ ಇನ್ನು ಹೇಗಿರಬೇಕು? ಆಟಿ ತಿಂಗಳಲ್ಲಿ ಒಂದು ವಾರ ಇಲ್ಲಿ ಉಳಿದವರು ನೇಪಾಳದವರೆಗೆ ಹೋಗಬೇಕಿಲ್ಲ. 1801ರಲ್ಲಿ ಈ ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಕಂಪನಿ ಸರಕಾರದ ಕಂದಾಯದ ಕಣ್ಣಿನಿಂದ ಬಂದವರಾದರೂ, ರೈತರನ್ನೇ ಕೇಳಿ ಬೈಲು, ಮಜಲು, ಬೆಟ್ಟು ಎಂಬ ಗದ್ದೆಗಳ ವಿಂಗಡಣೆಯನ್ನು ಇಲ್ಲಿನ ಹೆಸರುಗಳಲ್ಲೇ ದಾಖಲಿಸಿದರು. ಅದಕ್ಕೇ ಅವರ ಪುಸ್ತಕ ಇವತ್ತಿಗೂ ಉಪಯೋಗಕ್ಕೆ ಬರುತ್ತದೆ.

ಹಾಗೆಂದು ಹೊರಗಿನ ಕಣ್ಣು ಕಂಡದ್ದೆಲ್ಲ ತಪ್ಪು, ಒಳಗಿನವರು ಹೇಳಿದ್ದೆಲ್ಲ ಸರಿ ಎಂದು ವಾದಿಸುವುದು ದೊಡ್ಡ ಅಪಾಯ. ಈ ಭಾಗದಲ್ಲಿ ಈಚೆಗೆ ಅಂಥ ಮಾತು ಹೆಚ್ಚಾಗಿ ಕೇಳಿಬರುತ್ತಿದೆ. ಕಂಬಳವನ್ನೇ ತೆಗೆದುಕೊಳ್ಳಿ. ಹಿಂದೆ ಕಂಬಳದ ಮುನ್ನಾದಿನ ರಾತ್ರಿಯಿಡೀ ಡೋಲು ಬಾರಿಸುವುದು, ಕೋಣಗಳಿಗಿಂತ ಮೊದಲು ಕರೆಯಲ್ಲಿ ಓಡುವುದು ಕೊರಗರ ಪಾಲಿಗೆ ಬಂದ ಚಾಕರಿಯಾಗಿತ್ತು. ಕೆಸರಿನಲ್ಲಿ ಗಾಜಿನ ಚೂರೋ ಮುಳ್ಳೋ ಇದ್ದರೆ ಅದು ಅವರ ಕಾಲಿಗೆ ಚುಚ್ಚಬೇಕು, ಕೋಣದ ಕಾಲಿಗಲ್ಲ! ಊರಿನವರಿಗೆ ಇದು ಸಂಪ್ರದಾಯ. ಇದು ಅನ್ಯಾಯ ಎಂದು ಕೂಗಿ ಹೇಳಿದವರು ಅದನ್ನು ಉಂಡ ಕೊರಗ ಸಮುದಾಯದವರು, ಅವರ ಜೊತೆ ನಿಂತ ಹೋರಾಟಗಾರರು. 2000ನೇ ಇಸವಿಯಲ್ಲಿ ಕರ್ನಾಟಕ ಸರಕಾರ ಇಂಥ ಚಾಕರಿಯ ಅಜಲು ಪದ್ಧತಿಯನ್ನು ಕಾನೂನಿನ ಮೂಲಕ ನಿಷೇಧಿಸಿತು. ಕೋಣಗಳ ಮೇಲಿನ ಹಿಂಸೆಯ ಪ್ರಶ್ನೆಯೂ ಹಾಗೆಯೇ. 2014ರ ಸುಪ್ರೀಂ ಕೋರ್ಟ್ ತೀರ್ಪು, ಆಮೇಲಿನ ತಡೆ, ಕಂಬಳಕ್ಕೆ ಅವಕಾಶ ಕೊಟ್ಟ ರಾಜ್ಯದ ತಿದ್ದುಪಡಿ ಕಾಯ್ದೆ, 2023ರ ಮೇ 18ರಂದು ಅದೇ ನ್ಯಾಯಾಲಯ ಆ ಕಾಯ್ದೆಯನ್ನು ಎತ್ತಿಹಿಡಿದದ್ದು, ಇಷ್ಟು ದೂರ ಬಂದ ದಾರಿಯಲ್ಲಿ ಕಂಬಳ ಸಮಿತಿಗಳು ಬೆತ್ತದ ಏಟಿನ ಬಗ್ಗೆ, ಕೋಣಗಳ ಆರೈಕೆಯ ಬಗ್ಗೆ ಹಿಂದೆಂದೂ ಇಲ್ಲದಷ್ಟು ಎಚ್ಚರವಾದವು. ಕೇಳಿದ ಪ್ರಶ್ನೆ ಕಹಿಯಾಗಿತ್ತು, ಆದರೂ ಕೇಳಿದ್ದು ಒಳ್ಳೆಯದೇ ಆಯಿತು.

ನಮ್ಮ ಊರಿಗೆ ಬಂದ ಪರದೇಶದವರಿಗೆ ಎದುರಾಗುವ ಮೊದಲ ಪ್ರಶ್ನೆಯಲ್ಲೂ ಹೀಗೆ ಎರಡು ಮುಖಗಳಿವೆ. ಬೆಲ್ಲ, ನೀರು ಕೊಟ್ಟು ಕೂರಿಸಿದ ಮೇಲೆ, ‘ಇಲ್ಲ್ ಒಲ್ಪ?’ ಎಂದು ಮನೆ ವಿಚಾರಿಸುತ್ತಾರೆ. ಮದುವೆ ಆಗಿದೆಯೇ, ಮಕ್ಕಳೆಷ್ಟು, ಸಂಬಳವೆಷ್ಟು ಎಂದೂ ಕೇಳುತ್ತಾರೆ. ನೆರೆಮನೆಯವರ ಸಂಬಳವನ್ನು ಜನ್ಮದಲ್ಲಿ ಕೇಳದ ಅಮೆರಿಕನ್ನರಿಗೆ ಇದು ಗಾಬರಿ. ಕೇಳುವವರಿಗೋ, ಅತಿಥಿಯನ್ನು ಹೇಗಾದರೂ ಒಂದು ನಂಟಿನೊಳಗೆ ತಂದುಕೊಳ್ಳುವ ಆಸೆ. ಆದರೆ ಇದೇ ಪ್ರಶ್ನೆಯನ್ನು ನಮ್ಮವರೇ ಆದ ಅಪರಿಚಿತನೊಬ್ಬನಿಗೆ ಕೇಳಿ, ಊರು, ಮನೆ, ಬರಿ (ಕುಲ) ಎಂದು ಮುಂದುವರಿಸಿದಾಗ ಅದು ಜಾತಿ ತಿಳಿಯುವ ದಾರಿಯೂ ಆಗಿಬಿಡುತ್ತದೆ. ಆದರ ಮತ್ತು ಅಳೆಯುವಿಕೆ ಒಂದೇ ಮಾತಿನಲ್ಲಿ ಬೆರೆತಿವೆ. ಹೊರಗಿನವರು ಹುಬ್ಬೇರಿಸಿದಾಗಲಾದರೂ ನಾವು ಅದನ್ನು ಗಮನಿಸಬೇಕು.

ಈಗ ಪ್ರವಾಸದ ದಿಕ್ಕು ತಿರುಗಿದೆ. ಮಿಜಾರಿನಲ್ಲಿ 2008ರಿಂದ ಆಳ್ವಾಸ್ ಎಂಜಿನಿಯರಿಂಗ್ ಕಾಲೇಜಿದೆ. ಇಂಥ ಕಾಲೇಜುಗಳಿಂದ ಹೊರಬಿದ್ದ ಮಕ್ಕಳು ಸ್ನಾತಕೋತ್ತರ ಪದವಿಗೆಂದು ಜರ್ಮನಿಗೆ ಹೋಗುತ್ತಾರೆ, ಏಕೆಂದರೆ ಅಲ್ಲಿನ ಬಹುತೇಕ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಅಮೆರಿಕದವನೂ ಮಿಜಾರಿನವನೂ ಒಂದೇ ಮ್ಯೂನಿಚ್ ಬೀದಿಯಲ್ಲಿ ನಿಂತರೆ ಇಬ್ಬರೂ ಬೆರಗಾಗುತ್ತಾರೆ, ಬೇರೆಬೇರೆ ಸಂಗತಿಗಳಿಗೆ. ಭಾನುವಾರ ಬಾಗಿಲೆಳೆದ ಪೇಟೆ ಕರಾವಳಿಯ ಹುಡುಗನಿಗೆ ಅಷ್ಟೇನೂ ಹೊಸದಲ್ಲ. ಖಾಲಿ ಪ್ಲಾಸ್ಟಿಕ್ ಬಾಟಲಿ ಹಿಂದಿರುಗಿಸಿದರೆ 25 ಸೆಂಟ್ ಮರಳಿ ಸಿಗುವುದು, ಗೂಡಂಗಡಿಯಲ್ಲಿ ಸೋಡಾ ಕುಡಿದು ಬಾಟ್ಲಿ ಅಲ್ಲೇ ಇಟ್ಟುಬರುವ ಊರಿನವನಿಗೆ ಬೇಗ ಅರ್ಥವಾಗುತ್ತದೆ. ಅವನನ್ನು ಕಾಡುವುದು ಬೇರೆ. ಎದುರುಮನೆಯವರು ತಿಂಗಳಾದರೂ ಹೆಸರು ಕೇಳದಿರುವುದು, ಊಟವಾಯಿತೇ ಎಂದು ಯಾರೂ ವಿಚಾರಿಸದಿರುವುದು, ಎಂಬತ್ತು ದಾಟಿದ ಅಜ್ಜಿ ಒಬ್ಬರೇ ಸಾಮಾನು ಹೊತ್ತು ಮೆಟ್ಟಿಲು ಹತ್ತುವುದು. ‘ಇವರಿಗೆ ಮನಸ್ಸೇ ಇಲ್ಲ’ ಎಂದು ಅವನು ಅಮ್ಮನಿಗೆ ಫೋನಿನಲ್ಲಿ ಹೇಳಿಬಿಡಬಹುದು. ಆ ಅಜ್ಜಿಗೆ ಪಿಂಚಣಿ, ಆರೋಗ್ಯ ವಿಮೆ, ಕೊನೆಗಾಲದ ಆರೈಕೆಯ ವಿಮೆ ಎಲ್ಲ ಇದೆ, ಯಾರ ಹಂಗಿಲ್ಲದೆ ಬದುಕುವುದು ಆಕೆಯ ಅಭಿಮಾನ ಎಂಬುದು ತಿಳಿಯಲು ಒಂದು ಚಳಿಗಾಲವಾದರೂ ಬೇಕು. ಮಿಜಾರಿನಲ್ಲಿ ಅಜ್ಜಿಯನ್ನು ನೋಡಿಕೊಳ್ಳುವ ಹೊರೆ ಹೆಚ್ಚಾಗಿ ಸೊಸೆಯ, ಮಗಳ ಮೇಲೆಯೇ ಬೀಳುತ್ತದೆ ಎಂಬುದು ಅವನಿಗೆ ಅಲ್ಲಿ ಕೂತಾಗಲೇ ಹೊಳೆಯಲೂಬಹುದು.

ಇಂಥ ಅನುಭವಗಳನ್ನು ಬರೆದಿಡುವ ಒಳ್ಳೆಯ ಪರಂಪರೆ ಕನ್ನಡಕ್ಕಿದೆ. ಪುತ್ತೂರಿನಲ್ಲಿ ದೀರ್ಘಕಾಲ ನೆಲೆಸಿದ್ದ ಶಿವರಾಮ ಕಾರಂತರು ಯುರೋಪಿನ ಪ್ರವಾಸವನ್ನು ‘ಅಪೂರ್ವ ಪಶ್ಚಿಮ’ವಾಗಿ ಬರೆದರು. ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಅಮೆರಿಕದಲ್ಲಿ ಗೊರೂರು’ ಕೃತಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಮ್ಮ ನಾಡಿಗೆ ಬಂದ ವಿದೇಶೀಯರ ಬರಹಗಳನ್ನು ಎಚ್.ಎಲ್. ನಾಗೇಗೌಡರು ‘ಪ್ರವಾಸಿ ಕಂಡ ಇಂಡಿಯಾ’ ಎಂಬ ಹಲವು ಸಂಪುಟಗಳಲ್ಲಿ ಕನ್ನಡಕ್ಕೆ ತಂದಿದ್ದಾರೆ. ಈ ಸಂಪುಟಗಳು ಮೂಡುಬಿದಿರೆ, ಬೆಳ್ತಂಗಡಿ, ಬಂಟ್ವಾಳ ತಾಲೂಕುಗಳ ಪ್ರೌಢಶಾಲೆಗಳ ಕಪಾಟಿನಲ್ಲಿ ಇರಬೇಕು. ದೆಲ್ಲಾ ವಾಲ್ಲೆ ಮಣೇಲಿನ ಬಗ್ಗೆ ಬರೆದ ಪುಟಗಳನ್ನು ಮಣೇಲಿನ ಸುತ್ತಲಿನ ಮಕ್ಕಳು ತರಗತಿಯಲ್ಲಿ ಓದಬೇಕು.

ಅಳತೆಯನ್ನು ಇಲ್ಲಿನವರೇ ಹೇಳಿಕೊಡದಿದ್ದರೆ ಬಂದವರು ತಮ್ಮದನ್ನೇ ಬಳಸುತ್ತಾರೆ, ಅದರಲ್ಲಿ ಅವರ ತಪ್ಪೊಂದೇ ಇಲ್ಲ. ಸಾವಿರಕಂಬದ ಬಸದಿಗೂ ಕಡಲಕೆರೆಯ ಕೋಟಿ-ಚೆನ್ನಯ ಕಂಬಳಕ್ಕೂ ಬರುವವರಿಗೆ ವಿಷಯ ತಿಳಿದ, ಎರಡು ಮೂರು ಭಾಷೆ ಬಲ್ಲ ಊರಿನ ಯುವಕ ಯುವತಿಯರು ವಿವರಿಸುವ ವ್ಯವಸ್ಥೆಯನ್ನು ಪ್ರವಾಸೋದ್ಯಮ ಇಲಾಖೆಯೂ ಸಮಿತಿಗಳೂ ಸೇರಿ ಮಾಡಬೇಕು. ಅಜಲಿನ ಕಥೆಯನ್ನೂ ಅವರು ಮುಚ್ಚಿಡದೆ ಹೇಳಬೇಕು. ಇನ್ನು ಹೊರದೇಶಕ್ಕೆ ಹೊರಟ ವಿದ್ಯಾರ್ಥಿಗಳಲ್ಲಿ ಒಂದು ಬೇಡಿಕೆ. ಮೊದಲ ತಿಂಗಳು ಕಂಡು ಬೆರಗಾದದ್ದನ್ನೆಲ್ಲ ಕನ್ನಡದಲ್ಲೋ ತುಳುವಿನಲ್ಲೋ ಬರೆದಿಡಿ. ವರ್ಷ ಕಳೆದ ಮೇಲೆ ಅದರ ಕೆಳಗೆ ಆಗಿನ ಅಭಿಪ್ರಾಯವನ್ನೂ ಬರೆಯಿರಿ, ಮೊದಲಿನದನ್ನು ಹೊಡೆದುಹಾಕಬೇಡಿ. ನೀವು ಕಲಿತ ಕಾಲೇಜಿನ ಗ್ರಂಥಾಲಯಕ್ಕೆ ಅದರ ಒಂದು ಪ್ರತಿ ಕಳುಹಿಸಿ. ಮುಂದಿನ ವರ್ಷ ವಿಮಾನ ಹತ್ತುವ ಹುಡುಗ ಹುಡುಗಿಯರಿಗೆ ಅದು ಬೇಕಾಗುತ್ತದೆ.